800 ಜನರ ಸೈನ್ಯ, ಒಂದು ಸೇತುವೆ, ಒಂದು ದೇಶ: ಗ್ಯಾಂಬಿಯಾ ಬಗ್ಗೆ ಮಾತಾಡೋಣ್ವಾ?

ನಕಾಶೆ_ಹುಚ್ಚ:
ಎಲ್ಲರಿಗೂ ನಮಸ್ಕಾರ. ನಿನ್ನೆ ಆಫ್ರಿಕಾದ ನಕಾಶೆ ಹರಡಿಕೊಂಡು ಕೂತಿದ್ದೆ. ಪಶ್ಚಿಮದ ಅಂಚಿನಲ್ಲಿ ಸೆನೆಗಲ್ ಹೊಟ್ಟೆಯೊಳಗೆ ಹುಳ ನುಗ್ಗಿದ ಹಾಗೆ ಒಂದು ದೇಶ ಇದೆ, ಗ್ಯಾಂಬಿಯಾ. ಉದ್ದ ಹೆಚ್ಚು ಕಡಿಮೆ 480 ಕಿ.ಮೀ. ಅಗಲ 50 ಕಿ.ಮೀ. ದಾಟುವುದಿಲ್ಲ. ಒಂದು ನದಿ, ಅದರ ಎರಡು ದಡ, ಅಷ್ಟೇ ದೇಶ. ಮೂರು ಕಡೆ ಸೆನೆಗಲ್, ಇನ್ನೊಂದು ಕಡೆ ಸಮುದ್ರ. ಜನಸಂಖ್ಯೆ ಸುಮಾರು 24 ಲಕ್ಷ.

ಈ ದೇಶಕ್ಕೂ ಭೂಸೇನೆ ಇದೆ, ನೌಕಾಪಡೆ ಇದೆ, ವಾಯುಪಡೆ ಕೂಡ ಇದೆ. ನನ್ನ ಪ್ರಶ್ನೆ ಇಷ್ಟೇ. ಯಾರ ಮೇಲೆ ಯುದ್ಧ ಮಾಡೋಕೆ? ಸೆನೆಗಲ್ ಮನಸ್ಸು ಮಾಡಿದರೆ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಗೊತ್ತಿದ್ದವರು ಹೇಳಿ.

ಸುಮ್ನೆ_ಕೇಳ್ದೆ:
2022ರಲ್ಲಿ ನಮ್ಮ ದೇಶದಿಂದ ಹೋದ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡರು ಅಂತ ಸುದ್ದಿ ಬಂದಿತ್ತಲ್ಲ, ಆ ದೇಶ ತಾನೇ? ನನಗೆ ಅದೊಂದೇ ಗೊತ್ತು.

ನಕಾಶೆ_ಹುಚ್ಚ:
ಹೌದು, ಅದೇ ದೇಶ.

ಹಳೇ_ಮೇಷ್ಟ್ರು:
ನಿಮ್ಮ ಪ್ರಶ್ನೆಯನ್ನು ಅವರೂ ಒಂದು ಕಾಲದಲ್ಲಿ ಕೇಳಿಕೊಂಡಿದ್ದರು. 'ಸೈನ್ಯ ಬೇಡ' ಅಂತಲೇ ಉತ್ತರ ಕೊಟ್ಟುಕೊಂಡಿದ್ದರು. 1965ರ ಫೆಬ್ರವರಿ 18ಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ಗ್ಯಾಂಬಿಯಾದಲ್ಲಿ ಸೈನ್ಯವೇ ಇರಲಿಲ್ಲ.

ಅದಕ್ಕೂ ಮೊದಲು ಇತ್ತು. ಗ್ಯಾಂಬಿಯಾ ರೆಜಿಮೆಂಟ್ ಅಂತ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಹಡಗು ಹತ್ತಿಸಿ ಭಾರತಕ್ಕೆ ಕರೆತಂದರು. ಇಲ್ಲಿಂದ ಬರ್ಮಾ ಗಡಿಗೆ. 1944ರಲ್ಲಿ 81ನೇ ಪಶ್ಚಿಮ ಆಫ್ರಿಕಾ ಡಿವಿಷನ್ನಿನ ಭಾಗವಾಗಿ ಅರಕಾನಿನ ಕಲಾದಾನ್ ಕಣಿವೆಯಲ್ಲಿ ಜಪಾನೀಯರ ಎದುರು ಹೋರಾಡಿದರು. ರಸ್ತೆಯೇ ಇಲ್ಲದ ಕಾಡು. ಊಟ, ಗುಂಡು ಎಲ್ಲ ವಿಮಾನದಿಂದ ಬೀಳಬೇಕು, ಬಿದ್ದದ್ದನ್ನು ತಲೆ ಮೇಲೆ ಹೊತ್ತು ಗುಡ್ಡ ಹತ್ತಬೇಕು. ಯಾರದ್ದೋ ಯುದ್ಧ, ಯಾರದ್ದೋ ಕಾಡು. ಬರ್ಮಾ ಯುದ್ಧದ ಬಗ್ಗೆ ನಮ್ಮಲ್ಲಿ ಎಷ್ಟೊಂದು ಮಾತಾಡುತ್ತೇವೆ, ಇವರ ಹೆಸರು ಮಾತ್ರ ಬರುವುದೇ ಇಲ್ಲ.

1958ರಲ್ಲಿ ಆ ರೆಜಿಮೆಂಟನ್ನು ಮುಚ್ಚಿದರು. ಅದರ ಜಾಗಕ್ಕೆ ಫೀಲ್ಡ್ ಫೋರ್ಸ್ ಎಂಬ ಸಶಸ್ತ್ರ ಪೊಲೀಸ್ ಪಡೆ ಬಂತು. ನಮ್ಮ ಕೆಎಸ್‌ಆರ್‌ಪಿ ಥರ ಅಂದುಕೊಳ್ಳಿ. ಬಡ ದೇಶ, ಕಡಲೆಕಾಯಿ ಬೆಳೆದು ಮಾರಿ ಬದುಕುವ ದೇಶ, ಅದಕ್ಕೆ ಇಷ್ಟು ಸಾಕು ಎನ್ನುವುದು ಲೆಕ್ಕ.

ಆ ಲೆಕ್ಕ ತಪ್ಪಿದ್ದು 1981ರಲ್ಲಿ. ಲಂಡನ್ನಿನಲ್ಲಿ ಜುಲೈ 29ಕ್ಕೆ ಚಾರ್ಲ್ಸ್ ಮತ್ತು ಡಯಾನಾ ಮದುವೆ. ಅಧ್ಯಕ್ಷ ದಾವ್ಡಾ ಜವಾರಾ ಮದುವೆಗೆ ಹೋಗಿದ್ದರು. ಮಾರನೇ ದಿನ ಕುಕೋಯ್ ಸಾಂಬಾ ಸಾನ್ಯಾಂಗ್ ಎಂಬಾತ ಫೀಲ್ಡ್ ಫೋರ್ಸಿನ ಒಂದು ಗುಂಪನ್ನು ಕಟ್ಟಿಕೊಂಡು ದಂಗೆ ಎದ್ದ. ಶಸ್ತ್ರಾಗಾರ ತೆರೆದರು, ಜೈಲಿನ ಬಾಗಿಲೂ ತೆರೆದರು. ಕೈದಿಗಳ ಕೈಗೂ ಬಂದೂಕು ಬಂತು. ಅಧ್ಯಕ್ಷರ ಹೆಂಡತಿ ಮತ್ತು ಮಕ್ಕಳು ಒತ್ತೆಯಾಳುಗಳಾದರು. ಸೆನೆಗಲ್ ಸೈನ್ಯ ಒಳಗೆ ಬಂತು, ಬ್ರಿಟನ್ನಿನ ಎಸ್‌ಎಎಸ್ ಪಡೆಯ ಮೂವರೂ ಬಂದರು. ಸುಮಾರು ಒಂದು ವಾರದಲ್ಲಿ ಅಡಗಿತು. ಅಷ್ಟರಲ್ಲಿ ಕನಿಷ್ಠ 500 ಜನ ಸತ್ತಿದ್ದರು.

ಅದಾದ ಮೇಲೆ ಜವಾರಾ ಸೆನೆಗಲ್ ಜೊತೆ ಸೆನೆಗ್ಯಾಂಬಿಯಾ ಎಂಬ ಒಕ್ಕೂಟ ಮಾಡಿಕೊಂಡರು. ಜೊತೆಗೆ ಸ್ವಂತ ಸೈನ್ಯವನ್ನೂ ಕಟ್ಟಿದರು. ಸೈನ್ಯಕ್ಕೆ ಬ್ರಿಟಿಷರ ತರಬೇತಿ, ಜೆಂಡರ್ಮರಿ ಎಂಬ ಇನ್ನೊಂದು ಪಡೆಗೆ ಸೆನೆಗಲ್‌ನವರ ತರಬೇತಿ. ಅಂದರೆ ಈ ಸೈನ್ಯ ಹುಟ್ಟಿದ್ದು ಹೊರಗಿನ ಶತ್ರುವಿಗೆ ಹೆದರಿ ಅಲ್ಲ, ಒಳಗಿನ ದಂಗೆಗೆ ಹೆದರಿ. ಮುಂದಿನ ದಂಗೆಯನ್ನು ಮಾಡಿದ್ದೂ ಅದೇ ಸೈನ್ಯ. ಬೆಕ್ಕಿಗೆ ಹೆದರಿ ಹಾಲಿನ ಪಾತ್ರೆ ಹತ್ತಿರ ಇನ್ನೊಂದು ಬೆಕ್ಕು ಕಟ್ಟಿದ ಹಾಗೆ.

ಧಾರವಾಡ_ಪೇಡಾ:
ಅಲ್ಲರೀ ಮೇಷ್ಟ್ರೇ, ಇಷ್ಟೆಲ್ಲ ಯಾಕೆ ಬೇಕು? ಕೋಸ್ಟರಿಕಾ ಮಾಡಿದ ಹಾಗೆ ಮಾಡಬಹುದಿತ್ತು. 1948ರಲ್ಲಿ ಸೈನ್ಯ ತೆಗೆದು ಹಾಕಿದರು, ಆರಾಮ ಇದ್ದಾರೆ. ಬಂದೂಕು ಹಿಡಿದವನೇ ಇಲ್ಲ ಅಂದರೆ ದಂಗೆ ಏಳೋದು ಯಾರು?

ಹಳೇ_ಮೇಷ್ಟ್ರು:
ಪೇಡಾ ಅವರೇ, 1981ರಲ್ಲಿ ಗ್ಯಾಂಬಿಯಾದಲ್ಲೂ ಸೈನ್ಯ ಇರಲಿಲ್ಲವಲ್ಲ! ದಂಗೆ ಎದ್ದದ್ದು ಪೊಲೀಸರು. ಹೆಸರು ಬದಲಾಯಿಸಿದರೆ ಬಂದೂಕು ಮಾಯ ಆಗುವುದಿಲ್ಲ.

ಧಾರವಾಡ_ಪೇಡಾ:
ಹ್ಞಾಂ. ಇದು ಮಾತ್ರ ಸರಿಯಾಗಿ ಹೇಳಿದ್ರಿ. ಯೋಚನೆ ಮಾಡಿ ಮತ್ತೆ ಬರ್ತೀನಿ.

ನಿವೃತ್ತ_ಸುಬೇದಾರ್:
1994ರ ಕಥೆ ನಾನು ಹೇಳುತ್ತೇನೆ. ಅದು ಸೈನಿಕನ ಕಡೆಯಿಂದ ನೋಡಬೇಕಾದ ಕಥೆ.

ನಾನು 2000ನೇ ಇಸವಿಯಲ್ಲಿ ಅದೇ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ವಿಶ್ವಸಂಸ್ಥೆ ಡ್ಯೂಟಿ ಮೇಲೆ ಇದ್ದೆ. ಕೈಲಾಹುನ್‌ನಲ್ಲಿ ಬಂಡುಕೋರರ ಮುತ್ತಿಗೆಯಲ್ಲಿದ್ದ ನಮ್ಮ ಗೂರ್ಖಾ ಕಂಪನಿಗಳನ್ನು ಬಿಡಿಸಿಕೊಂಡು ಬಂದ ಆಪರೇಷನ್ ಖುಕ್ರಿ ಕೆಲವರಿಗೆ ನೆನಪಿರಬಹುದು. ಅಲ್ಲಿ ಬೇರೆ ಬೇರೆ ದೇಶದ ಜವಾನರ ಜೊತೆ ಕೂತಾಗ ಎಲ್ಲರ ಮಾತೂ ಒಂದೇ ಕಡೆ ಬರುತ್ತಿತ್ತು. ಭತ್ಯೆ ಬಂತಾ?

ವಿಶ್ವಸಂಸ್ಥೆ ಮಿಷನ್ನಿನ ದುಡ್ಡು ಜವಾನನ ಕೈಗೆ ನೇರ ಬರುವುದಿಲ್ಲ. ತಲೆಗೆ ಇಷ್ಟು ಅಂತ ಅವನ ಸರ್ಕಾರಕ್ಕೆ ಹೋಗುತ್ತದೆ. 2018ರಿಂದ ತಿಂಗಳಿಗೆ 1,428 ಡಾಲರ್ ಅಂತ ಇತ್ತು. ಅದರಲ್ಲಿ ಜವಾನನಿಗೆ ಎಷ್ಟು ಕೊಡಬೇಕು ಅನ್ನುವುದು ಸರ್ಕಾರಕ್ಕೆ ಬಿಟ್ಟದ್ದು. 1990ರಲ್ಲಿ ಗ್ಯಾಂಬಿಯಾ ಲೈಬೀರಿಯಾಕ್ಕೆ ಸೈನಿಕರನ್ನು ಕಳುಹಿಸಿತು. ಅದು ವಿಶ್ವಸಂಸ್ಥೆಯ ಪಡೆ ಕೂಡ ಅಲ್ಲ, ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟವಾದ ಇಕೊವಾಸ್ ಕಟ್ಟಿದ್ದು. ಖರ್ಚೆಲ್ಲ ಆಯಾ ದೇಶದ ತಲೆ ಮೇಲೆ. ಹೋದವರು ನೂರು ಚಿಲ್ಲರೆ ಜನ. ಜೀವ ಕೈಯಲ್ಲಿ ಹಿಡಿದು ವಾಪಸು ಬಂದವರು 1991ರಲ್ಲಿ ಬಾಕಿ ಭತ್ಯೆ ಕೇಳಿಕೊಂಡು ಬೀದಿಗೆ ಇಳಿದರು. ನೋಡಿ, ಸಮವಸ್ತ್ರದಲ್ಲಿರುವವರು ಬಾಕಿ ಕೇಳಲು ಬೀದಿಗೆ ಬಂದರು ಅಂದರೆ ಅರ್ಧ ದಂಗೆ ಆದ ಹಾಗೆ. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಸರ್ಕಾರ ಏನು ಮಾಡಿತು? ಸೈನ್ಯದ ಮೇಲೆ ನೈಜೀರಿಯಾದ ಅಧಿಕಾರಿಗಳನ್ನು ತಂದು ಕೂರಿಸಿತು. ಊರಿನ ಹುಡುಗರಿಗೆ ಬಡ್ತಿ ಸಿಗುವ ಮೆಟ್ಟಿಲ ಮೇಲೆ ಹೊರಗಿನವರು ಕೂತರು. ಸಂಬಳ ಕಡಿಮೆ, ಬ್ಯಾರಕ್ ಕೆಟ್ಟದ್ದು, ಮೇಲೆ ಪರದೇಶದ ಸಾಹೇಬ.

1994ರ ಜುಲೈ 21ಕ್ಕೆ ಜವಾರಾ ಲಂಡನ್ನಿನಿಂದ ವಾಪಸು ಬಂದರು. ವಿಮಾನ ನಿಲ್ದಾಣಕ್ಕೆ ಬಂದಿದ್ದ ಕೆಲವು ಕಿರಿಯ ಅಧಿಕಾರಿಗಳ ಮೇಲೆ ಅನುಮಾನ ಬಂದು ಅವರ ಆಯುಧ ಕಸಿದುಕೊಂಡರು. ಅವರಲ್ಲಿ ಲೆಫ್ಟಿನೆಂಟ್ ಯಾಹ್ಯಾ ಜಾಮೆ ಒಬ್ಬ. ವಯಸ್ಸು 29. ಮಾರನೇ ದಿನವೇ ಸೈನಿಕರು ಯುಂಡುಮ್ ಬ್ಯಾರಕ್ಕಿನಿಂದ ಹೊರಟರು. ಅಂದು ಅಮೆರಿಕದ ಯುದ್ಧನೌಕೆಯೊಂದು ಬಂದು ನಿಂತಿತ್ತು, ಜಂಟಿ ಕವಾಯತು ಇತ್ತು. ಹಾಗಾಗಿ ತುಂಬಾ ಜನ ಇದೂ ಕವಾಯತೇ ಅಂದುಕೊಂಡರು! ರಾಜಧಾನಿ ಬಂಜುಲ್ ಒಂದು ದ್ವೀಪ. ಒಳಗೆ ಹೋಗಲು ರಸ್ತೆ ಒಂದೇ, ಡೆಂಟನ್ ಸೇತುವೆ. ಅದು ದಾಟಿದರೆ ಅಧ್ಯಕ್ಷರ ಮನೆ. ಜವಾರಾ ಅದೇ ಅಮೆರಿಕನ್ ಹಡಗು ಹತ್ತಿ ತಪ್ಪಿಸಿಕೊಂಡರು. ರಕ್ತ ಹರಿಯಲಿಲ್ಲ. ಜಾಮೆ ದೇಶದ ಮುಖ್ಯಸ್ಥನಾದ.

ಸೈನ್ಯದ ಬಲ ಆಗ 800ರ ಆಸುಪಾಸು. ದೇಶ ಕಾಯಲು ಅದು ಯಾವ ಮೂಲೆಗೂ ಸಾಲದು. ಒಂದು ಸೇತುವೆ ಮತ್ತು ಒಂದು ಮನೆ ಹಿಡಿಯಲು ಧಾರಾಳ.

ಸುಮ್ನೆ_ಕೇಳ್ದೆ:
ಸುಬೇದಾರ್ ಸರ್, ಅಂದರೆ ಭತ್ಯೆ ಕೊಟ್ಟಿದ್ದರೆ ಏನೂ ಆಗ್ತಿರಲಿಲ್ವಾ?

ನಿವೃತ್ತ_ಸುಬೇದಾರ್:
ಅಷ್ಟು ಸುಲಭ ಅಲ್ಲ ತಮ್ಮಾ. ಅಧಿಕಾರದ ಆಸೆ ಇದ್ದವನಿಗೆ ಇನ್ನೊಂದು ನೆಪ ಸಿಗುತ್ತಿತ್ತು. ಆದರೆ ಅವನ ಹಿಂದೆ ಹೊರಡುವ ಜವಾನರು ಸಿಗುತ್ತಿದ್ದರಾ ಅನ್ನುವುದು ಪ್ರಶ್ನೆ. ಲೆಫ್ಟಿನೆಂಟ್ ಒಬ್ಬನೇ ಹೋಗಿ ಸೇತುವೆ ಹಿಡಿಯಲು ಆಗುವುದಿಲ್ಲ.

ರಾತ್ರಿ_ಪಾಳಿ:
ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವಳು. 2019ರಲ್ಲಿ ಗ್ಯಾಂಬಿಯಾದ ಸತ್ಯಶೋಧನಾ ಆಯೋಗದ ವಿಚಾರಣೆ ಯೂಟ್ಯೂಬಿನಲ್ಲಿ ಬರುತ್ತಿತ್ತು. ಹೇಗೋ ಸಿಕ್ಕಿತು, ಹಾಕಿಕೊಂಡು ಕೆಲಸ ಮಾಡ್ತಿದ್ದೆ. ಕೊನೆಗೆ ಕೆಲಸ ಬಿಟ್ಟು ಅದನ್ನೇ ಕೇಳುವ ಹಾಗಾಯಿತು.

ನೀವೆಲ್ಲ ಸೈನ್ಯ ದೇಶವನ್ನು ಹಿಡಿಯಿತು ಅಂತ ಹೇಳ್ತಿದ್ದೀರಿ. ಅದು ಮೊದಲ ದಿನದ ಮಾತು. ಆಮೇಲೆ ಒಬ್ಬ ಮನುಷ್ಯ ಸೈನ್ಯವನ್ನು ಹಿಡಿದ. ಜಾಮೆಯ 22 ವರ್ಷದಲ್ಲಿ ತುಂಬಾ ಹೆದರಿ ಬದುಕಿದವರಲ್ಲಿ ಸೈನಿಕರೂ ಇದ್ದರು. ದಂಗೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ, 1994ರ ನವೆಂಬರ್ 11ರಂದು ಪ್ರತಿದಂಗೆ ಅಂತ ಹೇಳಿ ಸೈನಿಕರನ್ನೇ ಹಿಡಿದು, ವಿಚಾರಣೆ ಇಲ್ಲದೆ ಗುಂಡಿಕ್ಕಿದರು.

ಸೇನಾ ಮುಖ್ಯಸ್ಥರ ಕುರ್ಚಿಯ ಕಥೆ ಕೇಳಿ. 2006ರಲ್ಲಿ ಮುಖ್ಯಸ್ಥನಾಗಿದ್ದ ಎನ್‌ಡೂರೆ ಚಾಮ್ ದಂಗೆಗೆ ಸಂಚು ಮಾಡಿದ ಅಂತ ಆರೋಪ ಬಂತು, ಆತ ಓಡಿಹೋದ. ಆ ಕುರ್ಚಿಗೆ ಲಾಂಗ್ ಟೊಂಬೊಂಗ್ ತಂಬಾ ಬಂದ. 2009ರಲ್ಲಿ ಅವನನ್ನೂ ಕುರ್ಚಿಯಿಂದ ಇಳಿಸಿದರು, ದಂಗೆಯ ಆರೋಪ ಹೊರಿಸಿದರು. 2010ರಲ್ಲಿ ಮರಣದಂಡನೆ ಶಿಕ್ಷೆ. 2015ರಲ್ಲಿ ಕ್ಷಮಾದಾನ ಸಿಕ್ಕಿ ಹೊರಗೆ ಬಂದ. ಆ ಕುರ್ಚಿ ಮೇಲೆ ಕೂತವನಿಗೆ ರಾತ್ರಿ ನಿದ್ದೆ ಹೇಗೆ ಬರುತ್ತಿತ್ತೋ.

ಇದೆಲ್ಲದರ ಪಕ್ಕದಲ್ಲಿ ಜಂಗ್ಲರ್ಸ್ ಎಂಬ ಒಂದು ಗುಂಪು. ಅಧ್ಯಕ್ಷರ ಕಾವಲು ಪಡೆಯಿಂದ ಆರಿಸಿ ತೆಗೆದ ಕೆಲವೇ ಜನ. ಸೇನಾ ಮುಖ್ಯಸ್ಥನ ಮಾತಿಗೆ ಸಿಗದವರು, ಮೇಲಿನಿಂದ ನೇರ ಆದೇಶ. 2004ರ ಡಿಸೆಂಬರ್ 16ರ ರಾತ್ರಿ ಡೇಡಾ ಹೈಡಾರಾ ಎಂಬ ಪತ್ರಿಕಾ ಸಂಪಾದಕರನ್ನು ಕಾರಿನಲ್ಲಿ ಹೋಗುವಾಗ ಗುಂಡಿಟ್ಟು ಕೊಂದರು. 2005ರಲ್ಲಿ ಯುರೋಪಿಗೆ ಹೊರಟಿದ್ದ ಐವತ್ತಕ್ಕೂ ಹೆಚ್ಚು ವಲಸೆಗಾರರನ್ನು ಕೊಂದರು, ಹೆಚ್ಚಿನವರು ಘಾನಾದವರು. 2019ರ ಜುಲೈನಲ್ಲಿ ಈ ಗುಂಪಿನ ಕೆಲವರು ಆಯೋಗದ ಮುಂದೆ ಕೂತು ಇದನ್ನೆಲ್ಲ ಒಪ್ಪಿಕೊಂಡರು. ಧ್ವನಿ ಏರುವುದಿಲ್ಲ, ಇಳಿಯುವುದಿಲ್ಲ. ರೇಷನ್ ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ನನಗೆ ಕಾಫಿ ಕುಡಿಯೋಕೂ ಆಗಲಿಲ್ಲ ಅವತ್ತು.

ಕೆಲವರಿಗೆ ಹೊರದೇಶದಲ್ಲಿ ಶಿಕ್ಷೆ ಆಗಿದೆ. ಗುಂಪಿನ ಡ್ರೈವರ್ ಆಗಿದ್ದ ಬೈ ಲೋವೆಗೆ 2023ರ ನವೆಂಬರಿನಲ್ಲಿ ಜರ್ಮನಿಯ ಕೋರ್ಟು ಜೀವಾವಧಿ ಕೊಟ್ಟಿತು. ಆತ ಹಿಂದೆ ರೇಡಿಯೋ ಸಂದರ್ಶನದಲ್ಲಿ ತಾನೇ ಎಲ್ಲ ಹೇಳಿಕೊಂಡಿದ್ದ, ಅದೇ ಅವನಿಗೆ ಮುಳುವಾಯಿತು. 2025ರಲ್ಲಿ ಮೈಕೆಲ್ ಕೊರಿಯಾ ಎಂಬಾತನಿಗೆ ಅಮೆರಿಕದ ಡೆನ್ವರ್‌ನಲ್ಲಿ ಶಿಕ್ಷೆ ಆಯಿತು. ಜಾಮೆ ಮಾತ್ರ ಈಕ್ವಟೋರಿಯಲ್ ಗಿನಿಗೆ ಹೋಗಿ ಕೂತ.

ನಕಾಶೆ_ಹುಚ್ಚ:
ನಾನು ತಮಾಷೆಗೆ ಶುರು ಮಾಡಿದ್ದೆ. ಇಲ್ಲಿಗೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್ ಅಕ್ಕಾ.

ಗೇರುಬೀಜ_ಮಾಮ:
ನಾನು ಮಂಗಳೂರಿನವ. ಗೇರುಬೀಜದ ವ್ಯವಹಾರ. ನಮ್ಮ ಕಡೆಯ ಫ್ಯಾಕ್ಟರಿಗಳಿಗೆ ಊರಿನ ಬೀಜ ಎಲ್ಲಿ ಸಾಕಾಗುತ್ತದೆ ಮಾರಾಯ್ರೆ, ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಬಂಜುಲ್ ಬಂದರಿನಿಂದಲೂ ಬರುತ್ತದೆ. ಸೀಸನ್ ಶುರು ಆಗುವ ಮೊದಲು ಗೋದಾಮು ನೋಡಿ ಬರುವ ಅಂತ 2017ರ ಜನವರಿಯಲ್ಲಿ ಅಲ್ಲಿಗೆ ಹೋಗಿದ್ದೆ. ಎಂಥ ಮುಹೂರ್ತದಲ್ಲಿ ಹೋದೆ ಅಂತ ಕೇಳಿ.

2016ರ ಡಿಸೆಂಬರ್ 1ಕ್ಕೆ ಚುನಾವಣೆ ಆಗಿತ್ತು. ಅಲ್ಲಿ ಆಗ ವೋಟು ಹಾಕುವುದು ಗೋಲಿಯಲ್ಲಿ. ಹೌದು, ನಾವು ಆಡುವ ಗೋಲಿ. ಡ್ರಮ್ಮಿನೊಳಗೆ ಹಾಕಿದರೆ ಟಣ್ ಅಂತ ಗಂಟೆ ಬಾರಿಸುತ್ತದೆ. ಜಾಮೆ ಸೋತ, ಅಡಾಮಾ ಬ್ಯಾರೋ ಗೆದ್ದ. ಮೊದಲು ಫೋನ್ ಮಾಡಿ ಸೋಲು ಒಪ್ಪಿದ ಜಾಮೆ, 9ನೇ ತಾರೀಕು ಆಗುವುದಿಲ್ಲ ಅಂದ. ಜನವರಿ 17ಕ್ಕೆ ತುರ್ತು ಪರಿಸ್ಥಿತಿ ಹಾಕಿದ.

ಸೆರೆಕುಂಡಾ ಮಾರ್ಕೆಟ್ ಅಂದರೆ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಎಲ್ಲ ಬಾಗಿಲು ಹಾಕಿದ್ದರು. ತಲೆ ಮೇಲೆ ಹಾಸಿಗೆ, ಬೆನ್ನಿಗೆ ಮಗು, ಕೈಯಲ್ಲಿ ಅಕ್ಕಿ ಚೀಲ ಹಿಡಿದುಕೊಂಡು ಹೆಂಗಸರು ದೋಣಿಯ ಕಡೆ ಹೋಗುತ್ತಿದ್ದರು. ಸಾವಿರಗಟ್ಟಲೆ ಜನ ಸೆನೆಗಲ್‌ಗೆ ದಾಟಿದರು. ಬ್ರಿಟಿಷ್ ಪ್ರವಾಸಿಗಳನ್ನು ವಿಶೇಷ ವಿಮಾನ ಕಳಿಸಿ ಕರೆಸಿಕೊಂಡರು. ನನ್ನನ್ನು ಕರೆಸಿಕೊಳ್ಳಲು ಯಾರೂ ಇಲ್ಲ! ಜಾಮೆಯನ್ನು ಇಳಿಸಲು ಇಕೊವಾಸ್ ಪಡೆ ಬಂದಿತ್ತು. ಆಕಾಶದಲ್ಲಿ ನೈಜೀರಿಯಾದ ವಿಮಾನ. ಗಡಿಯಲ್ಲಿ ಸೆನೆಗಲ್‌ನ ಸೈನ್ಯ.

ನಾನಿದ್ದ ಬೀದಿಯ ತುದಿಯಲ್ಲಿ ಸೈನಿಕರ ಒಂದು ಠಾಣೆ ಇತ್ತು. ನಾಲ್ಕು ಮರಳು ಚೀಲ, ಮೂವರು ಹುಡುಗರು. ಚಿಕ್ಕ ಕೆಂಡದ ಒಲೆಯ ಮೇಲೆ ಅಟಾಯಾ ಕಾಯಿಸುತ್ತಿದ್ದರು. ಅದು ಅವರ ಗ್ರೀನ್ ಟೀ, ಸಕ್ಕರೆ ಸುರಿದು ಮೇಲಿಂದ ಕೆಳಗೆ ಹತ್ತು ಸಲ ಹುಯ್ದು ನೊರೆ ಬರಿಸುತ್ತಾರೆ. ಒಬ್ಬ ನನ್ನನ್ನು 'ಬಾಸ್‌ಮ್ಯಾನ್' ಅಂತ ಕರೆದು ಒಂದು ಚಿಕ್ಕ ಗ್ಲಾಸ್ ಕೊಟ್ಟ. ಯುದ್ಧ ಆಗುತ್ತದಾ ಅಂತ ಕೇಳಿದೆ. ನಮ್ಮ ಜನರಲ್ ಬೇಡ ಅಂದಿದ್ದಾರೆ, ಬಾಸ್‌ಮ್ಯಾನ್, ಟೀ ಕುಡಿ, ಅಂದ.

19ಕ್ಕೆ ಬ್ಯಾರೋ ಸೆನೆಗಲ್ ರಾಜಧಾನಿ ಡಾಕರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣ ವಚನ ತೆಗೆದುಕೊಂಡ. ಎಲ್ಲರೂ ಫೋನಿನಲ್ಲಿ ನೋಡಿದರು. ಖಾಲಿ ಬೀದಿಗೆ ಎಲ್ಲಿಂದ ಅಷ್ಟು ಜನ ಬಂದರೋ. ಹಾರ್ನ್, ಕೇಕೆ, ಪಾತ್ರೆ ಬಡಿಯುವುದು. ಠಾಣೆಯ ಹುಡುಗರು ಎದ್ದು ನಿಂತರು, ಸುಮ್ಮನೆ ನೋಡಿದರು, ಕೂತರು. 21ರ ರಾತ್ರಿ ಜಾಮೆ ವಿಮಾನ ಹತ್ತಿದ. ಮರುದಿನ ಸೆನೆಗಲ್‌ನ ಸೈನ್ಯ ಬಂಜುಲ್ಲಿಗೆ ಬಂತು. ಜನ ಅವರ ಜೊತೆ ಸೆಲ್ಫಿ ತೆಗೆಸಿಕೊಂಡರು, ತಬ್ಬಿಕೊಂಡರು.

ನನ್ನ ಟೀ ಹುಡುಗ ಅದನ್ನು ದೂರದಿಂದ ನೋಡುತ್ತಾ ನಿಂತಿದ್ದ. ಅವನ ಜೊತೆ ಯಾರೂ ಸೆಲ್ಫಿ ತೆಗೆಯಲಿಲ್ಲ. ಗುಂಡು ಹಾರಿಸದೆ ಇದ್ದವ ಅವನು. ಅದಕ್ಕೆ ಏನು ಹೇಳುವುದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಧಾರವಾಡ_ಪೇಡಾ:
ಮಾಮಾ, ಭಾರಿ ಬರೆದ್ರಿ. ಆದರೆ ಆ ಜನರಲ್, ಸೇನಾ ಮುಖ್ಯಸ್ಥ ಉಸ್ಮಾನ್ ಬಾಜಿ, ಮೊದಲು ಬ್ಯಾರೋ ಕಡೆ ಅಂದ, ಆಮೇಲೆ ಜಾಮೆ ಕಡೆ ಅಂದ, ಕೊನೆಗೆ ಮತ್ತೆ ಬ್ಯಾರೋ ಕಡೆ. ಗಾಳಿ ಬಂದ ಕಡೆ ತೂರಿಕೊಂಡವನಿಗೆ ಇಷ್ಟು ಮರ್ಯಾದೆ ಬೇಕಾ?

ನಿವೃತ್ತ_ಸುಬೇದಾರ್:
ಗಾಳಿಗೆ ತೂರಿಕೊಂಡ, ಒಪ್ಪಿದೆ. ಆದರೆ 18ನೇ ತಾರೀಕು ತನ್ನ ಹುಡುಗರನ್ನು ಈ ಜಗಳಕ್ಕೆ ಇಳಿಸುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದ. ರಾಜಕಾರಣಿಗಳ ಜಗಳ ಇದು ಎಂದ. ಎದುರಿಗೆ ಸುಮಾರು 7,000 ಜನರ ಪಡೆ. ಹಟಕ್ಕೆ ಬಿದ್ದಿದ್ದರೆ ಸಾಯುತ್ತಿದ್ದವನು ಜಾಮೆ ಅಲ್ಲ, ಟೀ ಕಾಯಿಸುವ ಆ ಹುಡುಗ. ಆ ಕುರ್ಚಿಯಲ್ಲಿ ಮೊದಲು ಕೂತವರ ಗತಿ ಏನಾಗಿತ್ತು ಅಂತ ಮೇಲೆ ಅಕ್ಕ ಬರೆದಿದ್ದಾರಲ್ಲ, ಅದನ್ನು ಇಟ್ಟುಕೊಂಡು ನೋಡಿ. ಪದಕ ಕೊಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಬಯ್ಯಲು ಬಾಯಿ ಬರುವುದಿಲ್ಲ.

ರಾತ್ರಿ_ಪಾಳಿ:
ನನಗೆ ಬರುತ್ತೆ. ಅದೇ ಬಾಜಿಯ ಕೈಕೆಳಗೆ ಜನ ಮಾಯ ಆಗ್ತಿದ್ದರಲ್ಲ. ಕೊನೆಯ ವಾರದ ವಿವೇಕಕ್ಕೆ ಹಿಂದಿನದ್ದೆಲ್ಲ ಮಾಫಿ ಮಾಡೋಕಾಗಲ್ಲ.

ನಿವೃತ್ತ_ಸುಬೇದಾರ್:
ಅದೂ ನ್ಯಾಯವಾದ ಮಾತೇ ತಾಯಿ.

ಸುಮ್ನೆ_ಕೇಳ್ದೆ:
ಒಂದು ಡೌಟು. ಆ ಸೆನೆಗಲ್ ಸೈನ್ಯ ವಾಪಸು ಹೋಯ್ತಾ?

ಹಳೇ_ಮೇಷ್ಟ್ರು:
ಇಲ್ಲ, ಇದೇ ನನಗೆ ಕಾಡುವ ವಿಷಯ. ಇಕೊಮಿಗ್ ಎಂಬ ಹೆಸರಿನಲ್ಲಿ ಸೆನೆಗಲ್, ನೈಜೀರಿಯಾ, ಘಾನಾ ಸೈನಿಕರು ಅಲ್ಲೇ ಉಳಿದರು. ಕೆಲವು ತಿಂಗಳು ಅಂತ ಬಂದವರು ವರ್ಷಗಟ್ಟಲೆ ಇದ್ದರು. ಸ್ವಂತ ಸೈನ್ಯ ಇರುವ ದೇಶದಲ್ಲಿ ಅಧ್ಯಕ್ಷರಿಗೆ ಪಕ್ಕದ ದೇಶದ ಕಾವಲು. 1981ರ ನಂತರವೂ ಇದೇ ಆಗಿತ್ತು. ಒಕ್ಕೂಟ 1989ರಲ್ಲಿ ಮುರಿದು ಸೆನೆಗಲ್‌ನವರು ಹೊರಟ ಐದೇ ವರ್ಷಕ್ಕೆ ಜಾಮೆ ಬಂದ. ಹಾಗಾಗಿ ಬ್ಯಾರೋಗೆ ಅವರನ್ನು ಕಳುಹಿಸಲು ಭಯ ಇದ್ದರೆ ಅರ್ಥ ಆಗುತ್ತದೆ. 2022ರ ಡಿಸೆಂಬರಿನಲ್ಲೂ ಒಂದು ಸಂಚು ಹಿಡಿದೆವು ಎಂದು ಸರ್ಕಾರ ಹೇಳಿತು. ನೌಕಾಪಡೆಯ ಒಬ್ಬ ಲ್ಯಾನ್ಸ್ ಕಾರ್ಪೊರಲ್‌ಗೆ ಮುಂದಿನ ವರ್ಷ 12 ವರ್ಷ ಜೈಲು ಆಯಿತು.

ಆದರೆ ನಿನ್ನನ್ನು ನಂಬುವುದಿಲ್ಲ ಎಂದು ದಿನಾ ಹೇಳಿಸಿಕೊಳ್ಳುವ ಸೈನಿಕನ ಮನಸ್ಸಿನಲ್ಲಿ ಏನು ಬೆಳೆಯುತ್ತದೆ? ಜವಾರಾ ಕಾಲದಲ್ಲಿ ನೈಜೀರಿಯಾದ ಸಾಹೇಬರ ಕೆಳಗೆ ಏನು ಬೆಳೆಯಿತೋ ಅದೇ.

ನಕಾಶೆ_ಹುಚ್ಚ:
ಹಾಗಾದರೆ ಮೇಷ್ಟ್ರೇ, ಆ ಸೈನ್ಯಕ್ಕೆ ನಿಜವಾದ ಕೆಲಸ ಏನೂ ಇಲ್ವಾ?

ಗೇರುಬೀಜ_ಮಾಮ:
ಉಂಟು ಮಾರಾಯ್ರೆ, ಯಾಕಿಲ್ಲ. ಸಮುದ್ರ ನೋಡಿ. ಹೊರದೇಶದ ದೊಡ್ಡ ಟ್ರಾಲರ್‌ಗಳು ದಡದ ಹತ್ತಿರವೇ ಬಂದು ಮೀನು ಬಾಚುತ್ತವೆ. ದಡದಲ್ಲಿ ಫಿಶ್‌ಮೀಲ್ ಫ್ಯಾಕ್ಟರಿಗಳು. ಬಡವರು ತಿನ್ನುವ ಬೊಂಗಾ ಮೀನು ಪುಡಿಯಾಗಿ ಹೋಗುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ನೌಕಾಪಡೆಯಲ್ಲಿ ಇರುವುದು ಕೆಲವು ಗಸ್ತು ದೋಣಿ. 2019ರಿಂದ ಸೀ ಶೆಫರ್ಡ್ ಎಂಬ ಸಂಸ್ಥೆಯ ಹಡಗು ಹತ್ತಿ ಹೋಗಿ ಕಳ್ಳ ಟ್ರಾಲರ್‌ಗಳನ್ನು ಹಿಡಿದಿದ್ದಾರೆ. ಹಡಗು ಬೇರೆಯವರದ್ದು, ಹಿಡಿಯುವ ಅಧಿಕಾರ ಇವರದ್ದು. ಯುದ್ಧವಿಮಾನಕ್ಕಿಂತ ಒಂದು ಒಳ್ಳೆಯ ದೋಣಿ ಅವರಿಗೆ ಜಾಸ್ತಿ ಉಪಯೋಗ.

ಧಾರವಾಡ_ಪೇಡಾ:
ಯೋಚನೆ ಮಾಡಿ ಬಂದೆ. ಸೈನ್ಯ ತೆಗೆಯೋದು ಬೇಡ. ದೋಣಿ ಕೊಡಿಸಿ, ಬಂದೂಕು ಕಡಿಮೆ ಮಾಡಿ. ಇದಕ್ಕಾದರೂ ಒಪ್ತೀರಾ?

ಹಳೇ_ಮೇಷ್ಟ್ರು:
ಅರ್ಧ ಒಪ್ಪಿದೆ. ದಕ್ಷಿಣದ ಗಡಿಯಾಚೆ, ಸೆನೆಗಲ್ಲಿನ ಕಾಸಮಾನ್ಸ್ ಪ್ರದೇಶದಲ್ಲಿ, ಪ್ರತ್ಯೇಕ ದೇಶ ಕೇಳುವ ಬಂಡುಕೋರರು ಇದ್ದಾರೆ, ಮರದ ಕಳ್ಳಸಾಗಣೆ ಇದೆ. 2022ರ ಜನವರಿಯಲ್ಲಿ ಅಲ್ಲಿ ಇಕೊಮಿಗ್‌ನ ಸೆನೆಗಲ್ ಸೈನಿಕರು ನಾಲ್ವರು ಸತ್ತರು, ಏಳು ಜನ ಸೆರೆಯಾಗಿದ್ದರು. ಅಲ್ಲಿಗೆ ದೋಣಿ ಹೋಗುವುದಿಲ್ಲ.

ನಿವೃತ್ತ_ಸುಬೇದಾರ್:
ಮಾಮ, ಆ ಟೀ ಕೊಟ್ಟ ಹುಡುಗ ಆಮೇಲೆ ಸಿಕ್ಕನಾ?

ಗೇರುಬೀಜ_ಮಾಮ:
ಪ್ರತಿ ಸೀಸನ್ನಿಗೆ ವಾಟ್ಸಾಪಿನಲ್ಲಿ ಮೆಸೇಜ್ ಬರುತ್ತದೆ, ಬಾಸ್‌ಮ್ಯಾನ್ ಯಾವಾಗ ಬರ್ತೀರಿ ಅಂತ. ಆ ಮೇಲೆ ಅವನನ್ನು ಸುಡಾನಿನ ಡಾರ್ಫರ್‌ಗೆ ವಿಶ್ವಸಂಸ್ಥೆ ಡ್ಯೂಟಿಗೆ ಕಳುಹಿಸಿದ್ದರು.

ನಿವೃತ್ತ_ಸುಬೇದಾರ್:
ಭತ್ಯೆ ಬಂತಂತಾ?

ಗೇರುಬೀಜ_ಮಾಮ:
ಬಂತಂತೆ. ಅದರಲ್ಲಿ ಬ್ರಿಕಾಮಾದಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದಾನೆ, ಮೇಲೆ ತಗಡಿನ ಮಾಡು. ಫೋಟೋ ಕಳಿಸಿದ್ದ. ಜಗಲಿಯಲ್ಲಿ ಅದೇ ಕೆಂಡದ ಒಲೆ.